ಮೇಷ್ಟ್ರ ಮನೆ ಉಳಿಸಿದ್ದು ಯಾರು? ಬಿ.ಆರ್. ಪಂತುಲು ಬದುಕು ಮತ್ತು ವೃದ್ಧಾಪ್ಯದ ರಾಜಕಾರಣ

ಅಪ್ಪ ಒಬ್ಬ ಮಗನ ಮನೆಗೆ, ಅಮ್ಮ ಇನ್ನೊಬ್ಬ ಮಗನ ಮನೆಗೆ. ಈ ಪಾಲಿನ ಕಥೆಯನ್ನು ಕನ್ನಡ ಸಿನಿಮಾ 1958ರಲ್ಲೇ ಹೇಳಿತ್ತು. ಹೇಳಿದವರು ಒಂದು ಕಾಲದಲ್ಲಿ ಸ್ವತಃ ಮೇಷ್ಟ್ರಾಗಿದ್ದ ಬಿ.ಆರ್. ಪಂತುಲು.

ಮದ್ದೂರು, ಮಳವಳ್ಳಿ ಕಡೆಯ ಊರುಗಳಲ್ಲಿ ಜಮೀನು ಪಾಲಾದ ಮೇಲೆ ಇನ್ನೊಂದು ಪಾಲಿನ ಮಾತು ಬರುತ್ತೆ. ಅಪ್ಪ ಯಾರ ಮನೇಲಿ, ಅವ್ವ ಯಾರ ಮನೇಲಿ? ಕೆಲವು ಮನೆಗಳಲ್ಲಿ ತಿಂಗಳಿಗೊಬ್ಬರಂತೆ ಸರದಿ. ಇನ್ನು ಕೆಲವು ಮನೆಗಳಲ್ಲಿ ಮಕ್ಕಳೆಲ್ಲ ಬೆಂಗಳೂರು ಸೇರಿರುತ್ತಾರೆ, ಹಬ್ಬಕ್ಕೆ ಬಂದು ಹೋಗುತ್ತಾರೆ, ಊರಲ್ಲಿ ಉಳಿಯೋದು ಇಬ್ಬರು ಮುದುಕರು ಮತ್ತು ಒಂದು ಹಸು. ಇದನ್ನು ನಾವು ಕಾಲ ಕೆಟ್ಟುಹೋಯ್ತು ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತೇವೆ. ಆದರೆ ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕಾಲ ಹೀಗೇ ಕೆಟ್ಟಿತ್ತು. ‘ಸ್ಕೂಲ್ ಮಾಸ್ಟರ್’ ಚಿತ್ರ ನೋಡಿದವರಿಗೆ ಅದು ಗೊತ್ತು.

ಹೆಸರಲ್ಲೇ ಇದ್ದ ಮೇಷ್ಟ್ರು

ಬೂದಗೂರು ರಾಮಕೃಷ್ಣಯ್ಯ ಪಂತುಲು ಹುಟ್ಟಿದ್ದು 1910ರಲ್ಲಿ, ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಕೋಲಾರದ ಗಡಿ ಸೀಮೆಯಲ್ಲಿ. ತೆಲುಗಿನಲ್ಲಿ ಪಂತುಲು ಅಂದರೆ ಮೇಷ್ಟ್ರು ಅಂತಲೇ ಅರ್ಥ. ಅವರು ಕೆಲಸ ಶುರು ಮಾಡಿದ್ದೂ ಶಾಲೆಯಲ್ಲೇ. ಆಮೇಲೆ ಪಾಠ ಬಿಟ್ಟು ನಾಟಕ ಹಿಡಿದರು. ಮಹಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿಯಲ್ಲಿ ನಟರಾಗಿ ಪಳಗಿದರು. ಒಬ್ಬ ಮುಸ್ಲಿಂ ನಟ ಕಟ್ಟಿದ ಕಂಪನಿ, ಅಲ್ಲಿ ಎಲ್ಲ ಜಾತಿಯ ಕಲಾವಿದರು, ಊರಿಂದೂರಿಗೆ ತಿರುಗಾಟ. ಅದು ಅವರ ಎರಡನೇ ಶಾಲೆ.

ಆ ರಂಗಭೂಮಿಯ ನಾಟಕವೇ 1936ರಲ್ಲಿ ‘ಸಂಸಾರ ನೌಕಾ’ ಅನ್ನೋ ಸಿನಿಮಾ ಆಯಿತು. ಎಚ್.ಎಲ್.ಎನ್. ಸಿಂಹ ನಿರ್ದೇಶನ, ಪಂತುಲು ನಾಯಕ, ಎಂ.ವಿ. ರಾಜಮ್ಮ ನಾಯಕಿ. ಅಲ್ಲಿವರೆಗೆ ಕನ್ನಡ ಟಾಕಿ ಅಂದರೆ ಪುರಾಣ. ಕಿರೀಟ, ಗದೆ ಬಿಟ್ಟು ಸಾಧಾರಣ ಮನೆಯ ಜಗಳ, ಸಾಲ, ಮದುವೆಯ ಕಡೆ ತಿರುಗಿದ ಮೊದಲ ಚಿತ್ರಗಳಲ್ಲಿ ಇದು ಮುಖ್ಯವಾದುದು. ಸಂಸಾರವೂ ತೆರೆ ಮೇಲೆ ಹೇಳಬೇಕಾದ ವಿಷಯ ಅನ್ನೋ ನಂಬಿಕೆ ಪಂತುಲು ಅವರಲ್ಲಿ ಅಲ್ಲಿಂದಲೇ ಕೂತಿತು.

ಎರಡು ವರ್ಷ ಕಳೆದು, 1938ರ ಏಪ್ರಿಲ್‌ನಲ್ಲಿ, ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ ಸೇರಿತು. ಬಾವುಟ ಹಾರಿಸಬಾರದು ಅಂತ ಸರ್ಕಾರ ನಿಷೇಧ ಹಾಕಿತ್ತು. ಜನ ಹಾರಿಸಿಯೇಬಿಟ್ಟರು, ಬಂಧನ ಆಯಿತು. ಅದೇ ತಿಂಗಳ 25ರಂದು ಕೋಲಾರ ಸೀಮೆಯ ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿಯೇ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಇದು ಪಂತುಲು ತಲೆಮಾರು. ಶಿವಪುರದಲ್ಲಿ ಇಪ್ಪತ್ತರ ಹರೆಯದಲ್ಲಿ ಬಾವುಟ ಹಿಡಿದವರು 1958ರ ಹೊತ್ತಿಗೆ ನಲವತ್ತು ದಾಟಿ ಮಕ್ಕಳ ಓದು, ಮಗಳ ಮದುವೆ ಅಂತ ಒದ್ದಾಡುತ್ತಿದ್ದರು. ಸ್ವಾತಂತ್ರ್ಯ ಬಂತು, ಸರಿ. ನಾಳೆ ಮುಪ್ಪು ಬಂದರೆ ಯಾರು ನೋಡಿಕೊಳ್ಳುತ್ತಾರೆ ಅನ್ನೋದು ಅವರ ಮುಂದಿದ್ದ ಹೊಸ ಪ್ರಶ್ನೆ.

ಸಂಬಳದ ದಿನ, ಸಂಸಾರದ ಲೆಕ್ಕ

ಮದ್ರಾಸಿನಲ್ಲಿ ಪಂತುಲು ಪದ್ಮಿನಿ ಪಿಕ್ಚರ್ಸ್ ಕಟ್ಟಿದರು. 1955ರಲ್ಲಿ ಬಂದ ‘ಮೊದಲ ತೇದಿ’ಯ ಹೆಸರೇ ಎಲ್ಲ ಹೇಳುತ್ತೆ. ತಿಂಗಳ ಒಂದನೇ ತಾರೀಕು, ಅಂದರೆ ಸಂಬಳದ ದಿನ. ಹೊಸ ದೇಶದ ಹೊಸ ಮಧ್ಯಮ ವರ್ಗದ ಬದುಕು ನಿಂತಿದ್ದೇ ಆ ಒಂದು ದಿನದ ಮೇಲೆ. ಪ್ರೀತಿ, ಗೌರವ, ನೆಮ್ಮದಿ ಎಲ್ಲಕ್ಕೂ ಹಿಂದೆ ಒಂದು ಲೆಕ್ಕದ ಪುಸ್ತಕ ಇರುತ್ತೆ ಅನ್ನೋದನ್ನು ಪಂತುಲು ಮರೆಯಲಿಲ್ಲ. 1957ರ ‘ರತ್ನಗಿರಿ ರಹಸ್ಯ’ದಿಂದ ನಿರ್ದೇಶನಕ್ಕೂ ಇಳಿದರು. ಮರುವರ್ಷ ‘ಸ್ಕೂಲ್ ಮಾಸ್ಟರ್’ ಬಂತು.

ಕಥೆ ಸರಳ. ಒಬ್ಬ ಪ್ರಾಮಾಣಿಕ ಮೇಷ್ಟ್ರು. ಊರಿನ ಶಾಲೆಯನ್ನು ನೆಟ್ಟಗೆ ಮಾಡಲು ಹೋಗಿ ಅಧಿಕಾರಸ್ಥರ ಸಿಟ್ಟಿಗೆ ಗುರಿಯಾಗುತ್ತಾರೆ. ಮಕ್ಕಳನ್ನು ಓದಿಸುತ್ತಾರೆ, ನಿವೃತ್ತರಾಗುತ್ತಾರೆ, ಮನೆ ಕೈತಪ್ಪುತ್ತದೆ. ಗಂಡ ಒಬ್ಬ ಮಗನ ಮನೆಗೆ, ಹೆಂಡತಿ ಇನ್ನೊಬ್ಬ ಮಗನ ಮನೆಗೆ ಹೋಗಬೇಕಾಗುತ್ತದೆ. ಇಡೀ ಬದುಕು ಒಟ್ಟಿಗಿದ್ದವರು ಮುಪ್ಪಿನಲ್ಲಿ ಬೇರೆಯಾಗುತ್ತಾರೆ. ಕೊನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಯನ್ನು ಉಳಿಸಿಕೊಡುತ್ತಾನೆ, ಗಂಡ ಹೆಂಡತಿ ಒಂದಾಗುತ್ತಾರೆ. ಮೇಷ್ಟ್ರ ಪಾತ್ರ ಪಂತುಲು ಅವರದೇ, ಹೆಂಡತಿ ಎಂ.ವಿ. ರಾಜಮ್ಮ. ಆ ವಿದ್ಯಾರ್ಥಿ, ಪೊಲೀಸ್ ಅಧಿಕಾರಿಯಾಗಿ ಬರುವ ಅತಿಥಿ ನಟ ಶಿವಾಜಿ ಗಣೇಶನ್. ಉದಯಕುಮಾರ್, ಬಿ. ಸರೋಜಾದೇವಿ, ಬಾಲಕೃಷ್ಣ, ನರಸಿಂಹರಾಜು ಕೂಡ ಇದ್ದರು. ಟಿ.ಜಿ. ಲಿಂಗಪ್ಪ ಸಂಗೀತ. ಚಿತ್ರ 25 ವಾರ ಓಡಿತು.

ಇಂಥ ಕಥೆ ಕನ್ನಡಕ್ಕಷ್ಟೇ ಸೇರಿದ್ದಲ್ಲ. ಅಮೆರಿಕದಲ್ಲಿ ಆರ್ಥಿಕ ಕುಸಿತದ ದಿನಗಳ ನೆರಳಲ್ಲಿ, 1937ರಲ್ಲಿ, ಲಿಯೋ ಮೆಕ್ಯಾರಿ ‘ಮೇಕ್ ವೇ ಫಾರ್ ಟುಮಾರೋ’ ಮಾಡಿದ. ಸಾಲಕ್ಕೆ ಮನೆ ಕಳೆದುಕೊಂಡ ವೃದ್ಧ ದಂಪತಿ ಮಕ್ಕಳ ಮನೆಗಳಿಗೆ ಹಂಚಿಹೋಗುವ ಕಥೆ. ಜಪಾನಿನಲ್ಲಿ ಯಾಸುಜಿರೋ ಓಜು 1953ರಲ್ಲಿ ‘ಟೋಕಿಯೋ ಸ್ಟೋರಿ’ ಮಾಡಿದ. ನಗರದ ಮಕ್ಕಳಿಗೆ ಊರಿಂದ ಬಂದ ಅಪ್ಪ ಅಮ್ಮನ ಜೊತೆ ಕೂರಲು ಪುರುಸೊತ್ತಿಲ್ಲ. ದೇಶ ಬೇರೆ, ಭಾಷೆ ಬೇರೆ, ಕಾರಣ ಮಾತ್ರ ಒಂದೇ ಥರ. ದುಡಿಮೆ ಊರು ಬಿಟ್ಟು ನಗರಕ್ಕೆ ಹೋಯಿತು, ಮನೆ ಸಣ್ಣದಾಯಿತು, ಮುಪ್ಪಿಗೆ ಅಂತ ಜಾಗ ಉಳಿಯಲಿಲ್ಲ.

‘ಸ್ಕೂಲ್ ಮಾಸ್ಟರ್’ ಭಾರತದ ಒಳಗೂ ಊರೂರು ತಿರುಗಿತು. 1959ರಲ್ಲಿ ಪಂತುಲು ಅವರೇ ಹಿಂದಿಯಲ್ಲಿ ಮಾಡಿದರು. ಅವರ ಗರಡಿಯಲ್ಲಿ ಪಳಗಿದ ಪುಟ್ಟಣ್ಣ ಕಣಗಾಲ್ 1964ರಲ್ಲಿ ಮಲಯಾಳಕ್ಕೆ ಒಯ್ದರು. 1972ರಲ್ಲಿ ತೆಲುಗಿನಲ್ಲಿ ಎನ್.ಟಿ. ರಾಮರಾವ್ ‘ಬಡಿ ಪಂತುಲು’ ಆದರು. 2003ರ ಹಿಂದಿಯ ‘ಬಾಗ್‌ಬಾನ್’ ನೋಡಿ ಅತ್ತವರು ತಮ್ಮ ಅಜ್ಜ ಅಜ್ಜಿಯನ್ನು ಕೇಳಿದರೆ, ಇಂಥ ಕಥೆಯನ್ನು ನಾವು ಟೆಂಟಿನಲ್ಲೇ ನೋಡಿದ್ವಿ ಅನ್ನಬಹುದು.

ರಾಜಮ್ಮನವರನ್ನು ಮರೆತರೆ ಹೇಗೆ?

ಮೇಷ್ಟ್ರ ಹೆಂಡತಿಯಾಗಿ ಕಣ್ಣೀರು ಹಾಕಿಸಿದ ಎಂ.ವಿ. ರಾಜಮ್ಮ ಆಗ ನಲವತ್ತೂ ದಾಟಿರಲಿಲ್ಲ. ‘ಸಂಸಾರ ನೌಕಾ’ದಲ್ಲಿ ಪಂತುಲು ಎದುರು ನಾಯಕಿಯಾಗಿದ್ದವರು ಇಲ್ಲಿ ಅವರ ಜೊತೆಗೇ ಮುದುಕಿಯಾದರು. ಇನ್ನೊಂದು ವಿಷಯ ಗಮನಿಸಿ. ಪಂತುಲು ಸ್ವಂತ ಸಂಸ್ಥೆ ಕಟ್ಟುವುದಕ್ಕೆ ಎಷ್ಟೋ ಮೊದಲೇ, 1943ರಲ್ಲಿ, ರಾಜಮ್ಮ ‘ರಾಧಾರಮಣ’ ನಿರ್ಮಿಸಿ ಕನ್ನಡದ ಮೊದಲ ನಿರ್ಮಾಪಕಿ ಆಗಿದ್ದರು. ಜಿ.ವಿ. ಅಯ್ಯರ್, ಬಾಲಕೃಷ್ಣ ತೆರೆಗೆ ಬಂದದ್ದು ಆ ಚಿತ್ರದಲ್ಲಿ. ಆದರೂ ಜನರ ನೆನಪಲ್ಲಿ ರಾಜಮ್ಮ ಅಂದರೆ ತಾಯಿ, ಅಷ್ಟೇ. ದುಡಿದ, ಬಂಡವಾಳ ಹೂಡಿದ ಹೆಣ್ಣನ್ನು ತ್ಯಾಗಮಯಿ ತಾಯಿಯ ಚೌಕಟ್ಟಿಗೆ ಕೂರಿಸೋದು ನಮಗೆ ಬಹಳ ಸಲೀಸು.

ಇಂಥ ಕಥೆಗಳಲ್ಲಿ ಇನ್ನೊಂದು ಅಪಾಯವೂ ಇದೆ. ಎಲ್ಲದಕ್ಕೂ ಸೊಸೆ ಮೇಲೆ ಗೂಬೆ ಕೂರಿಸಿದರೆ ಮುಗೀತು. ಅತ್ತೆ ಮಾವನ ಸ್ನಾನ, ಔಷಧಿ, ಊಟ ನೋಡಿಕೊಳ್ಳೋ ಕೆಲಸ ಬೀಳೋದು ಅವಳ ತಲೆ ಮೇಲೆ, ಒಳ್ಳೆ ಹೆಸರು ಬರೋದು ಮಗನಿಗೆ. ಹೆತ್ತವರನ್ನು ನೋಡಿಕೊಳ್ಳೋದು ಪುಣ್ಯದ ಕೆಲಸ ಅಂತ ಭಾಷಣ ಮಾಡುವ ಮುನ್ನ, ಆ ಕೆಲಸ ಮಾಡ್ತಿರೋದು ಯಾರು ಅಂತ ಒಮ್ಮೆ ಅಡುಗೆಮನೆ ಕಡೆ ನೋಡಬೇಕು.

ಎರಡು ನಾಡು, ಒಬ್ಬ ಮೇಷ್ಟ್ರು

ಪಂತುಲು ಸಂಸಾರದ ಕಥೆಗೇ ನಿಲ್ಲಲಿಲ್ಲ. 1959ರಲ್ಲಿ ತಮಿಳರಿಗೆ ‘ವೀರಪಾಂಡಿಯ ಕಟ್ಟಬೊಮ್ಮನ್’ ಕೊಟ್ಟರು, 1961ರಲ್ಲಿ ಕನ್ನಡಿಗರಿಗೆ ‘ಕಿತ್ತೂರು ಚೆನ್ನಮ್ಮ’ ಕೊಟ್ಟರು. ಕರ್ನಾಟಕ ಒಂದಾಗಿ ಆಗಿನ್ನೂ ಐದೇ ವರ್ಷ. ಹಳೇ ಮೈಸೂರಿನ ಜನ ಬೆಳಗಾವಿ ಸೀಮೆಯ ರಾಣಿಯನ್ನು ತಮ್ಮವಳು ಅಂತ ಎದೆಗೆ ಹಚ್ಚಿಕೊಳ್ಳುವುದಕ್ಕೆ ಬಿ. ಸರೋಜಾದೇವಿಯ ಆ ಪಾತ್ರವೂ ಒಂದು ಕಾರಣ. ಅದೇ ವರ್ಷ ವಿ.ಒ. ಚಿದಂಬರಂ ಪಿಳ್ಳೆ ಅವರ ಬದುಕನ್ನು ‘ಕಪ್ಪಲೋಟ್ಟಿಯ ತಮಿಳನ್’ ಆಗಿ ತಂದರು. ಬ್ರಿಟಿಷರಿಗೆ ಪೈಪೋಟಿಯಾಗಿ ಹಡಗು ಕಂಪನಿ ನಡೆಸಿ ಜೈಲು ಸೇರಿದ ಮನುಷ್ಯನ ಕಥೆ. ಹೆಸರು ಬಂತು, ದುಡ್ಡು ಬರಲಿಲ್ಲ. 1964ರ ‘ಕರ್ಣನ್’ಗೂ ಧಾರಾಳವಾಗಿ ಸುರಿದರು. 2012ರಲ್ಲಿ ಅದನ್ನು ಡಿಜಿಟಲ್ ಆಗಿ ಹೊಸದು ಮಾಡಿ ಬಿಟ್ಟಾಗ ಹೊಸ ತಲೆಮಾರು ಮತ್ತೆ ಥಿಯೇಟರ್ ತುಂಬಿಸಿತು.

ಅದೇ 1964ರಲ್ಲಿ ‘ಚಿನ್ನದ ಗೊಂಬೆ’ ಮೂಲಕ ಒಬ್ಬ ಹುಡುಗಿಯನ್ನು ನಾಯಕಿ ಮಾಡಿದರು. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ಹುಟ್ಟಿದ ಆ ಹುಡುಗಿ ಜಯಲಲಿತಾ. ಮರುವರ್ಷ ‘ಆಯಿರತ್ತಿಲ್ ಒರುವನ್’ನಲ್ಲಿ ಅವರನ್ನು ಎಂ.ಜಿ.ಆರ್. ಜೊತೆ ನಿಲ್ಲಿಸಿದರು. ತಮಿಳುನಾಡಿನ ಮುಂದಿನ ರಾಜಕೀಯದ ಒಂದು ದೊಡ್ಡ ಅಧ್ಯಾಯಕ್ಕೆ ಈ ಕೋಲಾರದ ಮೇಷ್ಟ್ರು ಅರಿವಿಲ್ಲದೇ ಪೀಠಿಕೆ ಬರೆದಿದ್ದರು. ಭಾಷೆಯ ಹೆಸರಲ್ಲಿ ಗಡಿಯಲ್ಲಿ ಕಲ್ಲು ತೂರುವವರು ಈ ಬದುಕನ್ನು ಒಮ್ಮೆ ಓದಬೇಕು. ಎರಡು ನುಡಿಗಳಲ್ಲಿ ದುಡಿದು ಎರಡರ ಮರ್ಯಾದೆಯನ್ನೂ ಕಾಪಾಡಿದವರು ಪಂತುಲು.

1970ರ ‘ಶ್ರೀಕೃಷ್ಣದೇವರಾಯ’ದಲ್ಲಿ ರಾಜ್‌ಕುಮಾರ್ ಅರಸ, ಪಂತುಲು ಮಂತ್ರಿ ತಿಮ್ಮರುಸು. ಆ ಪಾತ್ರಕ್ಕೆ ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿ ಬಂತು. ತಾನೇ ಮಗನಂತೆ ಬೆಳೆಸಿದ ದೊರೆಯಿಂದ ಮುಪ್ಪಿನಲ್ಲಿ ಶಿಕ್ಷೆ ಅನುಭವಿಸುವ ಮುದುಕ ತಿಮ್ಮರುಸು. ಅರಮನೆಯ ವೇಷದಲ್ಲಿ ಮತ್ತೆ ಅದೇ ‘ಸ್ಕೂಲ್ ಮಾಸ್ಟರ್’ ಸಂಕಟ. 1974ರ ಅಕ್ಟೋಬರ್‌ನಲ್ಲಿ ಪಂತುಲು ತೀರಿಕೊಂಡರು. ಶುರು ಮಾಡಿದ್ದ ತಮಿಳು ಚಿತ್ರವೊಂದನ್ನು ಎಂ.ಜಿ.ಆರ್. ಮುಗಿಸಬೇಕಾಯಿತು. ಮಗಳು ಬಿ.ಆರ್. ವಿಜಯಲಕ್ಷ್ಮಿ ಮುಂದೆ ಕ್ಯಾಮೆರಾ ಹಿಡಿದು, ಗಂಡಸರೇ ತುಂಬಿದ್ದ ಆ ಕೆಲಸದಲ್ಲಿ ಛಾಯಾಗ್ರಾಹಕಿಯಾಗಿ ದಾರಿ ಮಾಡಿಕೊಂಡರು.

ಮನೆ ಉಳಿಸಿದ್ದು ವಿದ್ಯಾರ್ಥಿ, ಮಗನಲ್ಲ

‘ಸ್ಕೂಲ್ ಮಾಸ್ಟರ್’ ಚಿತ್ರದ ಕೊನೆ ಇವತ್ತಿಗೂ ಯೋಚನೆಗೆ ಹಚ್ಚುತ್ತೆ. ಮೇಷ್ಟ್ರ ಮನೆಯನ್ನು ಹಿಂದಿರುಗಿಸುವುದು ಹೊಟ್ಟೆಯಲ್ಲಿ ಹುಟ್ಟಿದ ಮಗನಲ್ಲ, ಸರ್ಕಾರಿ ಸಮವಸ್ತ್ರ ತೊಟ್ಟ ಹಳೇ ವಿದ್ಯಾರ್ಥಿ. ಮೇಷ್ಟ್ರು ಸಮಾಜಕ್ಕೆ ಕೊಟ್ಟದ್ದನ್ನು ಸಮಾಜ ಮುಪ್ಪಿನಲ್ಲಿ ವಾಪಸ್ ಕೊಡಬೇಕು ಅನ್ನೋ ಮಾತು ಅದರೊಳಗಿದೆ. ಆದರೆ ಸಿನಿಮಾದಲ್ಲಿ ಅದು ಒಬ್ಬ ಒಳ್ಳೆಯವನ ಔದಾರ್ಯ. ಎಲ್ಲ ಮೇಷ್ಟ್ರಿಗೂ ಅಂಥ ಇನ್ಸ್‌ಪೆಕ್ಟರ್ ಸಿಗಲ್ಲ. ಅದಕ್ಕೇ ಕಾನೂನು ಬೇಕು, ಪಿಂಚಣಿ ಬೇಕು.

ಕಾನೂನು ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಂತೆ ಹೆತ್ತವರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಿ ಮಕ್ಕಳಿಂದ ಜೀವನಾಂಶ ಕೇಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಕ್ಕಳು ಮಾತು ತಪ್ಪಿದರೆ, ವಾಪಸ್ ಪಡೆಯಬಹುದು. ಆದರೆ ದಾನಪತ್ರ ಬರೆಯುವಾಗ ಎಷ್ಟು ಜನ ಆ ಷರತ್ತು ಹಾಕಿಸ್ತಾರೆ? ಮಗನ ಮೇಲೆ ಅರ್ಜಿ ಹಾಕಿದ ಅವ್ವ ಅದೇ ಊರಲ್ಲಿ ತಲೆ ಎತ್ತಿ ಓಡಾಡೋಕೆ ಆಗುತ್ತಾ? ಬರೆದುಕೊಡಲು ಆಸ್ತಿಯೇ ಇಲ್ಲದ ಕೂಲಿಯವರ ಗತಿ ಏನು? ಸಂಧ್ಯಾ ಸುರಕ್ಷಾ ಹಣ ಒಬ್ಬರ ತಿಂಗಳ ಮಾತ್ರೆಗೇ ಸಾಲದು. ಇನ್ನು ಮೇಷ್ಟ್ರುಗಳ ವಿಷಯಕ್ಕೆ ಬಂದರೆ, 2006ರ ಏಪ್ರಿಲ್ ನಂತರ ಸರ್ಕಾರಿ ಕೆಲಸಕ್ಕೆ ಸೇರಿದವರನ್ನು ಹಳೇ ಪಿಂಚಣಿಯಿಂದ ತೆಗೆದು ಷೇರು ಮಾರುಕಟ್ಟೆಗೆ ಗಂಟುಹಾಕಿದ ಎನ್‌ಪಿಎಸ್‌ಗೆ ಸೇರಿಸಲಾಯಿತು. ಅತಿಥಿ ಶಿಕ್ಷಕರಿಗೆ ಅದೂ ಇಲ್ಲ.

ಶಿವಪುರದಲ್ಲಿ ಬಾವುಟ ಹಾರಿಸಿದವರು ಕೇಳಿದ್ದು ಪ್ರಜೆಗಳ ಹಕ್ಕನ್ನು, ದೊರೆಯ ಕರುಣೆಯನ್ನಲ್ಲ. ಮುಪ್ಪಿನಲ್ಲಿ ಗಂಡ ಹೆಂಡತಿ ಒಂದೇ ಸೂರಿನಡಿ ಇರೋದು ಕೂಡ ಅಂಥದ್ದೇ ಹಕ್ಕು. ಮುಂದಿನ ಸಲ ಪಿಂಚಣಿ ಹೋರಾಟದ ಸುದ್ದಿ ನಿಮ್ಮ ಫೋನಿನಲ್ಲಿ ಬಂದಾಗ ಸರ್ಕಾರಿ ನೌಕರರ ಗೋಳು ಅಂತ ಪಕ್ಕಕ್ಕೆ ಸರಿಸಬೇಡಿ. ಆ ಮೇಷ್ಟ್ರಿಗೂ ಒಂದು ಮನೆ ಇದೆ, ಇಬ್ಬರು ಮಕ್ಕಳಿದ್ದಾರೆ.