ದೀನಬಂಧು ಕುದ್ಮುಲ್ ರಂಗರಾಯರು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸರಕಾರಿ ಶಾಲೆಗಳಲ್ಲಿ ಇಂದು ಯಾವ ಕೇರಿಯ ಮಗುವಿಗೂ ಪ್ರವೇಶವಿಲ್ಲವೆನ್ನುವಂತಿಲ್ಲ. ಶತಮಾನದ ಹಿಂದೆ ಹೀಗಿರಲಿಲ್ಲ. ನಮ್ಮ ಜಿಲ್ಲೆ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ ಪಂಚಮರಿಗೆಂದು ಬೇರೆ ಶಾಲೆಗಳಿದ್ದವು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಮಂಗಳೂರಿನಲ್ಲಿ ಅಂತಹ ಶಾಲೆಗಾಗಿ ಸರ್ವಸ್ವವನ್ನೂ ಧಾರೆಯೆರೆದ ಮಹನೀಯರು ಕುದ್ಮುಲ್ ರಂಗರಾಯರು.

1859ರ ಜೂನ್ 29ರಂದು ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿದ ಇವರು ಮಂಗಳೂರಿಗೆ ಬಂದು ಮೊದಲು ಉಪಾಧ್ಯಾಯರಾಗಿ, ಅನಂತರ ವಕೀಲರಾಗಿ ಬಾಳಿದರು. ಬ್ರಹ್ಮಸಮಾಜದ ತತ್ತ್ವಗಳು ಇವರ ಮನಸ್ಸನ್ನು ಸೆಳೆದಿದ್ದವು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಸ್ವಜಾತಿಯವರು ಬಹಿಷ್ಕರಿಸಿದರು, ಪಾಠ ಹೇಳಲು ಬಂದ ಉಪಾಧ್ಯಾಯರೂ ಕಿರುಕುಳಕ್ಕೊಳಗಾದರು, ಶಾಲೆಯನ್ನೇ ಬೇರೆಡೆಗೆ ಸಾಗಿಸಬೇಕಾಯಿತು. ರಂಗರಾಯರು ಹಿಮ್ಮೆಟ್ಟಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಕೂಲಿ ಬಿಟ್ಟು ಬರುವ ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಕೈಗೆ ಪುಡಿಗಾಸನ್ನೂ ಕೊಟ್ಟರು. ಹಸಿದ ಹೊಟ್ಟೆಗೆ ಅಕ್ಷರ ಹತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ನೇಯ್ಗೆ, ಬಡಗಿ ಕೆಲಸಗಳ ಶಿಕ್ಷಣವೂ ಸೇರಿತು.

ಪ್ರತ್ಯೇಕ ಶಾಲೆಯಿಂದ ಅಸ್ಪೃಶ್ಯತೆಯ ಗೋಡೆ ಇನ್ನಷ್ಟು ಬಲವಾಗದೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸಣ್ಣದಲ್ಲ. ಅಲ್ಪಸಂಖ್ಯಾತರಾದ ನಾವು ಸಂವಿಧಾನದ 30ನೆಯ ವಿಧಿಯ ಬಲದಿಂದ ನಮ್ಮವೇ ಶಾಲೆಗಳನ್ನು ನಡೆಸುತ್ತೇವೆ; ಅದು ನಾವಾಗಿ ಆರಿಸಿಕೊಂಡದ್ದು. ಆ ಮಕ್ಕಳ ಪ್ರತ್ಯೇಕತೆಯಾದರೋ ಪರರು ಹೇರಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ದೂರ ನಿಲ್ಲುವುದನ್ನೇ ಕಲಿತಿದ್ದ ಮಗುವಿಗೆ ಅಂಜಿಕೆಯಿಲ್ಲದೆ ಕುಳಿತುಕೊಳ್ಳಲು ಮೊದಲು ಒಂದು ಚಾಪೆ ಬೇಕಿತ್ತು. ಅದನ್ನು ರಂಗರಾಯರು ಹಾಸಿಕೊಟ್ಟರು. ಬೇರೆ ಶಾಲೆಯೇ ಅವರ ಗುರಿಯಾಗಿರಲಿಲ್ಲ. ಅಲ್ಲಿ ಕಲಿತ ಮಗು ಮುಂದೆ ಸರಕಾರಿ ಹುದ್ದೆಗೇರಿ ಊರ ಬೀದಿಯಲ್ಲಿ ವಾಹನದಲ್ಲಿ ಸಾಗಬೇಕು, ಆ ಚಕ್ರದ ಧೂಳು ತಮ್ಮ ತಲೆಗೆ ತಾಗಿ ತಮ್ಮ ಜನ್ಮ ಸಾರ್ಥಕವಾಗಬೇಕು ಎಂಬುದು ಅವರ ಹೆಬ್ಬಯಕೆ.

ಉಪದೇಶವನ್ನು ಮನೆಯಲ್ಲಿಯೂ ಆಚರಿಸಿದರು. ಮಗಳು ರಾಧಾಬಾಯಿಯವರ ವಿವಾಹ ಕುಮಾರಮಂಗಲದ ಜಮೀನ್ದಾರ ಡಾ. ಪಿ. ಸುಬ್ಬರಾಯನ್ ಅವರೊಡನೆ, ಜಾತಿಯ ಎಲ್ಲೆ ಮೀರಿ ನಡೆಯಿತು. ಮುಂದೆ 1938ರಲ್ಲಿ ಆಕೆ ಕೌನ್ಸಿಲ್ ಆಫ್ ಸ್ಟೇಟ್‌ಗೆ ಚುನಾಯಿತರಾದ ಮೊದಲ ಮಹಿಳೆಯೆನಿಸಿದರು.

ದೇಹ ಕೃಶವಾದಾಗ ರಂಗರಾಯರು ಮಿಷನ್ನಿನ ಭಾರವನ್ನು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿ, ಕೊನೆಗಾಲದಲ್ಲಿ ಈಶ್ವರಾನಂದರೆಂಬ ಹೆಸರಿನಿಂದ ಸನ್ಯಾಸ ಸ್ವೀಕರಿಸಿದರು. 1928ರ ಜನವರಿ 30ರಂದು ದಿವಂಗತರಾದರು. ತಮ್ಮ ಶವಕ್ಕೆ ತೋಟಿಗಳು ಹೆಗಲು ಕೊಡಬೇಕೆಂದು ಅವರು ಮೊದಲೇ ಕೇಳಿಕೊಂಡಿದ್ದರು.