ಹಬೆಯನ್ನು ದುಡಿಸಿದ ನಾರ್ಬರ್ಟ್ ರಿಲ್ಯೂ

ಅಂಕೋಲಾ ಕಡೆಯ ಆಲೆಮನೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಬೆಲ್ಲದ ಹದಕ್ಕೆ ಬರುವಷ್ಟರಲ್ಲಿ ರಾಶಿಗಟ್ಟಲೆ ಸಿಪ್ಪೆ, ಸೌದೆ ಉರಿದುಹೋಗಿರುತ್ತದೆ. ಆ ಬೆಂಕಿಯ ಶಾಖವನ್ನು ಹೊತ್ತ ಹಬೆಯೋ, ಮಾಡಿನ ಸಂದಿಯಿಂದ ಆಕಾಶದ ಪಾಲು. ಈ ಹಬೆಯನ್ನು ಮತ್ತೆ ಮತ್ತೆ ದುಡಿಸುವ ಯಂತ್ರವನ್ನು ಮಾಡಿ ತೋರಿಸಿದವರು ನಾರ್ಬರ್ಟ್ ರಿಲ್ಯೂ.

ಅವರು ಹುಟ್ಟಿದ್ದು 1806ರಲ್ಲಿ, ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ. ತಂದೆ ಬಿಳಿಯರು, ತಾಯಿ ಆಫ್ರಿಕನ್ ಮೂಲದ ಸ್ವತಂತ್ರ ಮಹಿಳೆ. ಅಂಥ ಮಗುವಿಗೆ ಆ ಊರಿನಲ್ಲಿ ಉನ್ನತ ಶಿಕ್ಷಣ ಕನಸಿನ ಮಾತು. ಹಾಗಾಗಿ ಹುಡುಗ ಪ್ಯಾರಿಸ್ಸಿಗೆ ಹೋದ. 24ರ ಹರೆಯದಲ್ಲೇ ಅಲ್ಲಿನ ಎಕೋಲ್ ಸಾಂತ್ರಾಲ್‌ನಲ್ಲಿ ಯಂತ್ರಶಾಸ್ತ್ರ ಕಲಿಸತೊಡಗಿದ!

ಆಗ ಲೂಯಿಸಿಯಾನಾದ ಕಬ್ಬಿನ ತೋಟಗಳಲ್ಲಿ ಸಾಲಾಗಿಟ್ಟ ತೆರೆದ ಕಡಾಯಿಗಳು. ಕುದಿಯುವ ರಸವನ್ನು ಒಂದರಿಂದ ಇನ್ನೊಂದಕ್ಕೆ ಮೊಗೆದು ಸುರಿಯುವ ಕೆಲಸ ಗುಲಾಮರದು. ಸುಟ್ಟ ಗಾಯಗಳೂ ಅವರದೇ. ತಾಯ್ನಾಡಿಗೆ ಮರಳಿದ ರಿಲ್ಯೂ ಮುಚ್ಚಿದ ಪಾತ್ರೆಗಳನ್ನು ಜೋಡಿಸಿದರು. ಮೊದಲ ಪಾತ್ರೆಯ ಹಬೆ ಎರಡನೆಯದರ ರಸವನ್ನು ಕುದಿಸುತ್ತದೆ, ಅದರ ಹಬೆ ಮೂರನೆಯದನ್ನು. ಅಷ್ಟು ಬಿಸಿಯಿಲ್ಲದ ಹಬೆ ಹೇಗೆ ಕುದಿಸೀತು ಎಂದು ನೀವು ಕೇಳಬಹುದು. ಗುಟ್ಟು ಒತ್ತಡದಲ್ಲಿದೆ. ಮುಂದಿನ ಪಾತ್ರೆಯೊಳಗೆ ಒತ್ತಡ ತಗ್ಗಿಸಿದರೆ ರಸ ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಹೀಗೆ ಒಲೆಯಿಂದ ಬಂದ 1 ಕಿಲೋ ಹಬೆ, ಮೂರು ಪಾತ್ರೆಗಳಲ್ಲಿ ಒಟ್ಟು 3 ಕಿಲೋದ ಸನಿಹದಷ್ಟು ನೀರನ್ನು ಆವಿಯಾಗಿಸುತ್ತದೆ. 1843 ಮತ್ತು 1846ರಲ್ಲಿ ಪೇಟೆಂಟ್ ದೊರೆತವು.

ಸೌದೆ ಉಳಿಯಿತು, ಸಕ್ಕರೆ ಬೆಳ್ಳಗಾಯಿತು. ಲಾಭ ಎಣಿಸಿದವರು ಮಾತ್ರ ತೋಟದ ಧಣಿಗಳು. ಗುಲಾಮಗಿರಿ ಹಾಗೆಯೇ ಮುಂದುವರಿಯಿತು ಎಂಬುದನ್ನು ಮರೆಮಾಚಬಾರದು. ಯಂತ್ರ ಬೇಕಿದ್ದ ಸಮಾಜಕ್ಕೆ ಅದನ್ನು ಮಾಡಿದವನ ಮೈಬಣ್ಣ ಬೇಡವಾಗಿತ್ತು. ಸ್ವತಂತ್ರ ಕರಿಯರ ಮೇಲಿನ ನಿರ್ಬಂಧಗಳು ಬಿಗಿಯಾಗುತ್ತಿದ್ದ ಕಾಲದಲ್ಲಿ ರಿಲ್ಯೂ ಪ್ಯಾರಿಸ್ಸಿಗೆ ಹೊರಟುಹೋದರು. ಅಲ್ಲಿ ಕೆಲಕಾಲ ಈಜಿಪ್ಟಿನ ಚಿತ್ರಲಿಪಿಯ ಅಧ್ಯಯನ ಮಾಡಿದ್ದೂ ಉಂಟು. 1881ರಲ್ಲಿ, 75ರ ಇಳಿವಯಸ್ಸಿನಲ್ಲಿ, ಬೀಟ್ ಸಕ್ಕರೆಗಾಗಿ ಮತ್ತೊಂದು ಪೇಟೆಂಟ್ ಪಡೆದರು.

ರಸಾಯನ ಎಂಜಿನಿಯರಿಂಗ್ ಓದುವವರು ಇಲ್ಲೊಂದು ಸಂಗತಿ ಗಮನಿಸಿ. ಬಟ್ಟಿ ಇಳಿಸುವ ಗೋಪುರದಲ್ಲಿ ಬುಡಕ್ಕೆ ಕೊಟ್ಟ ಶಾಖದ ಬಹುಪಾಲು ತುದಿಯ ತಂಪುನೀರಿಗೆ ಸೇರಿ ವ್ಯರ್ಥವಾಗುತ್ತದೆ. ಇಂದು ಶಾಖ ಉಳಿಸುವ ವಿನ್ಯಾಸಗಳಲ್ಲಿ ಹೆಚ್ಚು ಒತ್ತಡದ ಗೋಪುರದ ತುದಿಯ ಆವಿಯಿಂದಲೇ ಕಡಿಮೆ ಒತ್ತಡದ ಗೋಪುರದ ಬುಡವನ್ನು ಕಾಯಿಸುತ್ತಾರೆ. ರಿಲ್ಯೂ ಪಾತ್ರೆಗಳ ತತ್ವವೇ ಇದು.

1894ರಲ್ಲಿ ಅವರು ಪ್ಯಾರಿಸ್ಸಿನಲ್ಲಿ ನಿಧನರಾದರು. ಅವರ ಹೆಸರಿನ ಸ್ಮಾರಕ ಫಲಕ ಲೂಯಿಸಿಯಾನಾದ ಮ್ಯೂಸಿಯಂ ಸೇರಿದ್ದು ಮತ್ತೆ 40 ವರ್ಷಗಳ ನಂತರ, 1934ರಲ್ಲಿ.