ಸಾವಿರ ಓಲೆಕಟ್ಟುಗಳ ಹೊಣೆ ಹೊತ್ತ ಅತ್ತಿಮಬ್ಬೆ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಜಿನಧರ್ಮ ಶ್ರಾವಕರಿಗೆ ವಿಧಿಸಿದೆ. ಇವುಗಳಲ್ಲಿ ಶಾಸ್ತ್ರದಾನಕ್ಕೆ ಉದಾರ ಮನಸ್ಸೊಂದೇ ಸಾಲದು. ಹಲವರ ಕೈಗಳನ್ನು ಒಂದು ಕೆಲಸಕ್ಕೆ ಕೂಡಿಸಿ, ಅದು ಮುಗಿಯುವವರೆಗೂ ಕಾಯುವ ತಾಳ್ಮೆ ಬೇಕು. ಹತ್ತನೆಯ ಶತಮಾನದ ಅತ್ತಿಮಬ್ಬೆಯಲ್ಲಿ ಆ ತಾಳ್ಮೆ ಇತ್ತು.

ಮಲ್ಲಪಯ್ಯನ ಮಗಳಾದ ಆಕೆ ಚಾಲುಕ್ಯ ತೈಲಪನ ಮಂತ್ರಿ ಧಲ್ಲಪನ ಸೊಸೆಯಾಗಿ, ದಂಡನಾಯಕ ನಾಗದೇವನ ಪತ್ನಿಯಾಗಿ ಬಂದಳು. ತಂಗಿ ಗುಂಡಮಬ್ಬೆಯೂ ಅವನ ಕೈಹಿಡಿದಿದ್ದಳು. ನಾಗದೇವ ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಉಳಿದು ವ್ರತನಿಯಮಗಳ ಬದುಕನ್ನು ಆರಿಸಿಕೊಂಡಳು. ಇವೆರಡರಲ್ಲಿ ಉಳಿಯುವ ನಿರ್ಧಾರವೇ ಕಠಿಣವಾದುದು ಎನ್ನಬೇಕು. ಬೆಳಗಾದರೆ ಅದನ್ನು ಮತ್ತೆ ಕೈಗೊಳ್ಳಬೇಕು.

ಆಕೆಯ ತಂದೆಯೂ ಅವನ ಸಹೋದರನೂ ಪೊನ್ನನಿಂದ ಶಾಂತಿಪುರಾಣವನ್ನು ಬರೆಸಿದ್ದರು. ಆ ಕೃತಿ ಅಳಿಯದಿರಲೆಂದು ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಮುದ್ರಣಕ್ಕೆ ಒಗ್ಗಿದ ಕಿವಿಗೆ ಅದೇನೂ ದೊಡ್ಡ ಸಂಖ್ಯೆಯಲ್ಲ. ಆದರೆ ಗರಿಗಳನ್ನು ಒಣಗಿಸಿ, ಹದಗೊಳಿಸಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ಸವರಿ, ದಾರ ಪೋಣಿಸಿದಾಗ ಸಿದ್ಧವಾಗುವುದು ಒಂದೇ ಒಂದು ಕಟ್ಟು. ಲಿಪಿಕಾರ ದಣಿದರೆ ಸಾಲೊಂದು ಜಾರುತ್ತದೆ. ಆ ಪ್ರತಿಯಿಂದ ಮತ್ತೊಂದನ್ನು ಇಳಿಸಿದರೆ ತಪ್ಪು ವಂಶದಂತೆ ಬೆಳೆಯುತ್ತದೆ. ಅವಸರಪಡಿಸಿದರೆ ಬರಹ ಕೆಡುತ್ತದೆ, ಕಣ್ಣು ತಪ್ಪಿದರೆ ಕೆಲಸ ನಿಲ್ಲುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳ ಎಚ್ಚರಿಕೆ ಮುನಿಗಳಿಗಷ್ಟೇ ಸಲ್ಲುವುದೆಂದು ತಿಳಿಯುವವರುಂಟು. ಹತ್ತು ಜನರಿಂದ ಕೆಲಸ ಮಾಡಿಸುವ ಗೃಹಸ್ಥನಿಗೆ ಅವು ಮಧ್ಯಾಹ್ನದೊಳಗೇ ಎದುರಾಗುತ್ತವೆ: ತಪ್ಪಿದವನ ಮೇಲೆ ಸಿಟ್ಟು, ಆದ ಕೆಲಸವೆಲ್ಲ ತನ್ನದೆಂಬ ಹೆಮ್ಮೆ.

ಯೋಗ್ಯರನ್ನು ಗುರುತಿಸುವ ಕಣ್ಣೂ ಆಕೆಗಿತ್ತು. ಮುಧೋಳದ ಬಳೆಗಾರರ ಮನೆಯ ರನ್ನನಿಗೆ ಆಶ್ರಯವಿತ್ತಳು; 993ರಲ್ಲಿ ಅಜಿತಪುರಾಣ ಪೂರ್ಣಗೊಂಡಿತು. ಅವನು ಅದರಲ್ಲಿ ಆಕೆಯ ಚರಿತ್ರೆಯನ್ನು ವಿಸ್ತಾರವಾಗಿ ಹೇಳದಿದ್ದರೆ ಇಷ್ಟೆಲ್ಲ ನಮಗೆ ತಿಳಿಯುತ್ತಲೇ ಇರಲಿಲ್ಲ.

ಜಿನಬಿಂಬಗಳನ್ನು ಮಾಡಿಸಿ ದಾನವಿತ್ತ ಆಕೆಯನ್ನು ಜನ ದಾನಚಿಂತಾಮಣಿ ಎಂದು ಕರೆದರು. ಗದಗದ ಸಮೀಪದ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಅಲ್ಲಿಯ 1007ರ ಶಾಸನದಲ್ಲಿ ಆಕೆಯ ಹೆಸರಿದೆ.